ಹಿತ್ತಾಳೆಯ ಮೇಲಿನ ಗೆರೆಗಳು: ಲಂಡನ್ನಿನ ರಾಮ್ಸ್‌ಡೆನ್ ಕಾರ್ಯಾಗಾರದ ಕಥೆ

ಬೆಂಗಳೂರು, ಮೈಸೂರಿನಂತಹ ನಗರಗಳ ಕುಶಲವಸ್ತು ಮಳಿಗೆಗಳಲ್ಲಿ ಹಿತ್ತಾಳೆಯ ಸೆಕ್ಸ್‌ಟಂಟ್, ದಿಕ್ಸೂಚಿ, ಮಡಚಿಡುವ ದೂರದರ್ಶಕಗಳು ಗಾಜಿನ ಕಪಾಟಿನೊಳಗೆ ಥಳಥಳಿಸುತ್ತಿರುವುದನ್ನು ಅನೇಕರು ಕಂಡಿರುತ್ತಾರೆ. ಯಾವುದೋ ಹಳೆಯ ಕಂಪೆನಿಯ ಹೆಸರು, ಒಂದು ಇಸವಿ, ಅದರ ಕೆಳಗೆ 'ಲಂಡನ್' ಎಂಬ ಪದ ಅವುಗಳ ಮೈಮೇಲೆ ಕೆತ್ತಿರುವುದು ವಾಡಿಕೆ. ಇವುಗಳಲ್ಲಿ ಬಹುಪಾಲು ಅಲಂಕಾರಕ್ಕೆಂದೇ ಇತ್ತೀಚೆಗೆ ತಯಾರಾದ ಪ್ರತಿಕೃತಿಗಳು. ಆದರೂ ನಕಲು ಮಾಡುವವರು ಲಂಡನ್ನಿನ ಹೆಸರನ್ನೇ ಏಕೆ ಆರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಕುತೂಹಲಕರವಾದುದು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನಿಖರ ಉಪಕರಣಗಳ ಜಗತ್ತಿಗೆ ಲಂಡನ್ ರಾಜಧಾನಿಯಾಗಿತ್ತು. ಯೂರೋಪಿನ ವೇಧಶಾಲೆಗಳು, ನೌಕಾಪಡೆಗಳು, ಭೂಮಾಪಕರು ತಮಗೆ ಬೇಕಾದುದನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದರು. ಅಲ್ಲಿನ ಕಾರ್ಯಾಗಾರಗಳ ಪೈಕಿ ಅಗ್ರಗಣ್ಯವೆನಿಸಿದ್ದು ಜೆಸ್ಸಿ ರಾಮ್ಸ್‌ಡೆನ್ ಎಂಬಾತನದು. ಅವನ ಕೀರ್ತಿಗೆ ಹಿತ್ತಾಳೆಯ ಹೊಳಪಾಗಲಿ, ಕೆತ್ತನೆಯ ಸೊಬಗಾಗಲಿ ಕಾರಣವಲ್ಲ. ಅಳತೆಪಟ್ಟಿಯ ಮೇಲೆ ಸಮಾನ ಅಂತರದಲ್ಲಿ ಕೊರೆದ, ಕಣ್ಣಿಗೆ ಕಾಣಿಸಿಯೂ ಕಾಣಿಸದಂತಿರುವ ಕೂದಲೆಳೆಯ ಗೆರೆಗಳೇ ಅದಕ್ಕೆ ಕಾರಣ.

ಒಂದು ಕಲೆಯ ತಪ್ಪಿಗೆ ಮೂವತ್ತು ಮೈಲಿ

ಸೆಕ್ಸ್‌ಟಂಟ್ ಎಂಬುದು ಎರಡು ವಸ್ತುಗಳ ನಡುವಿನ ಕೋನವನ್ನು ಅಳೆಯುವ ಸಾಧನ. ವೃತ್ತದ ಆರನೆಯ ಒಂದು ಭಾಗದಷ್ಟು ಕಮಾನು, ಅದರ ಮೇಲೆ ಸರಿದಾಡುವ ತೋಳು, ಎರಡು ಪುಟ್ಟ ಕನ್ನಡಿಗಳು, ಒಂದು ಸಣ್ಣ ದೂರದರ್ಶಕ ಇವಿಷ್ಟೇ ಅದರ ಮುಖ್ಯ ಅಂಗಗಳು. ನಾವಿಕನು ದೂರದರ್ಶಕದ ಮೂಲಕ ಕ್ಷಿತಿಜವನ್ನು ನೋಡುತ್ತ ತೋಳನ್ನು ಸರಿಸುತ್ತಾನೆ. ಕನ್ನಡಿಗಳಲ್ಲಿ ಪ್ರತಿಫಲಿಸಿದ ಸೂರ್ಯಬಿಂಬವು ಕ್ಷಿತಿಜದ ರೇಖೆಗೆ ತಾಗಿದಾಗ ತೋಳು ಯಾವ ಗೆರೆಯ ಬಳಿ ನಿಂತಿದೆಯೋ ಅದೇ ಸೂರ್ಯನ ಎತ್ತರ. ಹಡಗು ಹೊಯ್ದಾಡಿದರೂ ಕ್ಷಿತಿಜ ಮತ್ತು ಬಿಂಬ ಎರಡೂ ಒಟ್ಟಿಗೇ ಅಲುಗುವುದರಿಂದ ಅಳತೆ ಕೆಡುವುದಿಲ್ಲ.

ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವನ್ನು ನಮ್ಮ ಪಂಚಾಂಗದ ಭಾಷೆಯಲ್ಲಿ 'ಕಲೆ' ಎಂದೂ, ಕಲೆಯ ಅರವತ್ತನೆಯ ಒಂದು ಭಾಗವನ್ನು 'ವಿಕಲೆ' ಎಂದೂ ಕರೆಯುತ್ತಾರೆ. ಸೂರ್ಯನ ಎತ್ತರದಿಂದ ಅಕ್ಷಾಂಶವನ್ನು ಕಂಡುಹಿಡಿಯುವಾಗ ಒಂದು ಕಲೆಯಷ್ಟು ತಪ್ಪಾದರೆ ಹಡಗಿನ ಸ್ಥಾನ ಒಂದು ನಾವಿಕ ಮೈಲಿ, ಅಂದರೆ ಸುಮಾರು 1.85 ಕಿಲೋಮೀಟರ್ ತಪ್ಪುತ್ತದೆ. ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ರೇಖಾಂಶದ ವಿಷಯ ಹಾಗಲ್ಲ.

ರೇಖಾಂಶ ತಿಳಿಯಬೇಕಾದರೆ ಮೂಲಸ್ಥಾನದ ಕಾಲ ಗೊತ್ತಿರಬೇಕು. ಸಮುದ್ರದಲ್ಲಿ ನಂಬಬಹುದಾದ ಗಡಿಯಾರಗಳು ಆಗಿನ್ನೂ ಅಪರೂಪವೂ ದುಬಾರಿಯೂ ಆಗಿದ್ದವು. ಹೀಗಾಗಿ ಚಂದ್ರನನ್ನೇ ಗಡಿಯಾರದ ಮುಳ್ಳನ್ನಾಗಿ ಬಳಸುವ ಕ್ರಮ ಬಳಕೆಗೆ ಬಂತು. ಚಂದ್ರನಿಗೂ ಒಂದು ಗೊತ್ತಾದ ನಕ್ಷತ್ರಕ್ಕೂ ನಡುವಿನ ಕೋನವನ್ನು ಅಳೆದು, ಗ್ರೀನಿಚ್‌ನಲ್ಲಿ ಯಾವ ಹೊತ್ತಿಗೆ ಆ ಕೋನ ಅಷ್ಟಿರುತ್ತದೆ ಎಂಬುದನ್ನು ಮುದ್ರಿತ ಕೋಷ್ಟಕದಲ್ಲಿ ನೋಡುವುದು ಈ ವಿಧಾನ. 1767ನೆಯ ವರ್ಷದಿಂದ ಇಂತಹ ಕೋಷ್ಟಕಗಳನ್ನು ರಾಜಖಗೋಳಜ್ಞ ನೆವಿಲ್ ಮ್ಯಾಸ್ಕಲೈನ್ ಹೊರತರತೊಡಗಿದ್ದ. ಚಂದ್ರನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿಯಷ್ಟು ಮಾತ್ರ ಚಲಿಸುವುದರಿಂದ ಕೋನದಲ್ಲಿ ಒಂದು ಕಲೆ ತಪ್ಪಾದರೆ ಕಾಲದಲ್ಲಿ ಎರಡು ನಿಮಿಷ ತಪ್ಪುತ್ತದೆ. ಅದು ರೇಖಾಂಶದಲ್ಲಿ ಅರ್ಧ ಡಿಗ್ರಿಯ ತಪ್ಪು. ಸಮಭಾಜಕದ ಬಳಿ ಇದು ಮೂವತ್ತು ನಾವಿಕ ಮೈಲಿಗೆ ಸಮ. ಅಳತೆಪಟ್ಟಿಯಲ್ಲಿ ಐದು ಕಲೆಗಳಷ್ಟು ದೋಷವಿದ್ದರೆ ನೂರೈವತ್ತು ಮೈಲಿಯ ವ್ಯತ್ಯಾಸ! ಕತ್ತಲೆಯಲ್ಲಿ ಬಂಡೆಗಳ ಕಡೆಗೆ ಸಾಗುವ ಹಡಗಿನ ಪಾಲಿಗೆ ಇದು ಅಳಿವು ಉಳಿವಿನ ಪ್ರಶ್ನೆ.

ಅಲ್ಲಿಯವರೆಗೆ ಈ ಗೆರೆಗಳನ್ನು ಕೈಯಿಂದಲೇ ಕೊರೆಯಲಾಗುತ್ತಿತ್ತು. ಕೈವಾರದಿಂದ ಕಮಾನನ್ನು ಮತ್ತೆ ಮತ್ತೆ ಅರ್ಧಿಸುತ್ತ ಹೋಗುವ ಈ ಕೆಲಸದಲ್ಲಿ ಜಾನ್ ಬರ್ಡ್ ಎಂಬಾತ ಲಂಡನ್ನಿನಲ್ಲಿ ಅಗ್ರಗಣ್ಯನಾಗಿದ್ದ. ಆದರೆ ಇಂತಹ ಕೈಚಳಕ ಒಬ್ಬಿಬ್ಬರ ಸೊತ್ತು. ಸಾಧಾರಣ ಕುಶಲಕರ್ಮಿಗಳು ತಪ್ಪನ್ನು ಕಡಿಮೆ ಮಾಡಲು ಉಪಕರಣವನ್ನೇ ದೊಡ್ಡದಾಗಿ ಮಾಡುತ್ತಿದ್ದರು. ದೊಡ್ಡ ಉಪಕರಣ ಭಾರವಾಗುತ್ತಿತ್ತು, ಗಾಳಿಗೆ ಅಲುಗುತ್ತಿತ್ತು, ಬಾಗುತ್ತಿತ್ತು. ಸಾವಿರಾರು ಹಡಗುಗಳಿಗೆ ಸಾಲುವಷ್ಟು ನಿಖರ ಉಪಕರಣಗಳನ್ನು ಒದಗಿಸುವ ದಾರಿ ಯಾರಿಗೂ ಹೊಳೆದಿರಲಿಲ್ಲ.

ಬಟ್ಟೆ ಉಗ್ರಾಣದಿಂದ ಪಿಕ್ಯಾಡಿಲಿಗೆ

ರಾಮ್ಸ್‌ಡೆನ್ 1735ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹ್ಯಾಲಿಫ್ಯಾಕ್ಸ್ ಬಳಿ ಜನಿಸಿದ. ಉಣ್ಣೆಬಟ್ಟೆಯ ಕಸುಬಿನಲ್ಲಿ ತರಬೇತಿ ಪಡೆದು, 1755ರಲ್ಲಿ ಲಂಡನ್ನಿಗೆ ಬಂದು ಬಟ್ಟೆಯ ಉಗ್ರಾಣವೊಂದರಲ್ಲಿ ಗುಮಾಸ್ತನಾದ. ಮೂರು ವರ್ಷಗಳ ನಂತರ, ಸಾಮಾನ್ಯವಾಗಿ ಇತರರು ಶಿಷ್ಯವೃತ್ತಿ ಮುಗಿಸುವ ವಯಸ್ಸಿನಲ್ಲಿ, ಆತ ಉಪಕರಣ ತಯಾರಕನೊಬ್ಬನ ಬಳಿ ಶಿಷ್ಯನಾಗಿ ಸೇರಿಕೊಂಡ. ಕೆಲವೇ ವರ್ಷಗಳಲ್ಲಿ ಸ್ವಂತ ಅಂಗಡಿ ತೆರೆದ. ಸುಪ್ರಸಿದ್ಧ ಮಸೂರ ತಯಾರಕ ಜಾನ್ ಡಾಲಂಡ್‌ನ ಮಗಳು ಸಾರಾಳನ್ನು ವಿವಾಹವಾದ. ಮೊದಲು ಹೇಮಾರ್ಕೆಟ್ ಬೀದಿಯಲ್ಲಿದ್ದ ಅವನ ಕಾರ್ಯಾಗಾರ 1780ರ ಸುಮಾರಿಗೆ ಪಿಕ್ಯಾಡಿಲಿಯ 199ನೆಯ ಸಂಖ್ಯೆಯ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಒಂದು ಕಾಲಕ್ಕೆ ಅಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಕೊಳವೆ ಕಟ್ಟುವವರು, ಮಸೂರ ಉಜ್ಜುವವರು, ಚೌಕಟ್ಟು ಎರಕ ಹೊಯ್ಯುವವರು ಹೀಗೆ ಕೆಲಸ ಹಂಚಿಹೋಗಿತ್ತು.

ಕರ್ನಾಟಕದ ಓದುಗರಿಗೆ ಈ ಹೆಸರು ತೀರ ಅಪರಿಚಿತವೇನಲ್ಲ. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದಿದವರು ದ್ಯುತಿವಿಜ್ಞಾನದ ಪಾಠದಲ್ಲಿ 'ರಾಮ್ಸ್‌ಡೆನ್ ನೇತ್ರಕ'ದ ಚಿತ್ರ ಬರೆದೇ ಇರುತ್ತಾರೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಿರುವ ಎರಡು ಮಸೂರಗಳನ್ನು ಎದುರುಬದುರಾಗಿ ಜೋಡಿಸಿದ ಆ ನೇತ್ರಕ ಇವನದೇ ಕೊಡುಗೆ.

2160 ಹಲ್ಲುಗಳ ಚಕ್ರ

ಗೆರೆ ಕೊರೆಯುವ ಕೌಶಲವನ್ನು ಮನುಷ್ಯನ ಕೈಯಿಂದ ಯಂತ್ರಕ್ಕೆ ವರ್ಗಾಯಿಸಿದ್ದು ರಾಮ್ಸ್‌ಡೆನ್‌ನ ಮಹತ್ಸಾಧನೆ. 1760ರ ದಶಕದ ಕೊನೆಯಲ್ಲಿ ಅವನು ನಿರ್ಮಿಸಿದ ಮೊದಲ ವಿಭಜನಾ ಯಂತ್ರ ಅವನಿಗೇ ತೃಪ್ತಿ ನೀಡಲಿಲ್ಲ. 1774ರ ಸುಮಾರಿಗೆ ಎರಡನೆಯದು ಸಿದ್ಧವಾಯಿತು. 45 ಇಂಚು ವ್ಯಾಸದ ಕಂಚಿನ ಚಕ್ರವೊಂದು ಅದರ ಜೀವಾಳ. ಚಕ್ರದ ಅಂಚಿನಲ್ಲಿ 2160 ಹಲ್ಲುಗಳು. ಆ ಹಲ್ಲುಗಳಿಗೆ ಹೊಂದಿಕೊಂಡು ಕೂತ ಒಂದು ಉಕ್ಕಿನ ತಿರುಪು. ತಿರುಪು ಒಂದು ಸುತ್ತು ತಿರುಗಿದರೆ ಚಕ್ರ ಒಂದು ಹಲ್ಲಿನಷ್ಟು ಮುಂದೆ ಸರಿಯುತ್ತದೆ. ಆರು ಸುತ್ತಿಗೆ ಸರಿಯಾಗಿ ಒಂದು ಡಿಗ್ರಿ. ಒಂದು ಸುತ್ತೆಂದರೆ ಹತ್ತು ಕಲೆ. ತಿರುಪಿನ ತಲೆಯನ್ನು ಅರವತ್ತು ಭಾಗಗಳಾಗಿ ಗುರುತಿಸಿದ್ದರಿಂದ ಒಂದೊಂದು ಭಾಗವೂ ಹತ್ತು ವಿಕಲೆಗೆ ಸಮ.

ಗೆರೆ ಹಾಕಬೇಕಾದ ಸೆಕ್ಸ್‌ಟಂಟನ್ನು ಚಕ್ರದ ಮೇಲೆ ಬಿಗಿದು, ಕೆಲಸಗಾರನು ಕಾಲಿನಿಂದ ತುಳಿಗೋಲನ್ನು ಒತ್ತುತ್ತಾನೆ. ಗೊತ್ತುಪಡಿಸಿದಷ್ಟೇ ತಿರುಪು ತಿರುಗಿ ನಿಲ್ಲುತ್ತದೆ. ಕೈಯಿಂದ ಕೊರೆಮೊನೆಯನ್ನು ಎಳೆದರೆ ಒಂದು ಗೆರೆ ಮೂಡುತ್ತದೆ. ಮತ್ತೆ ತುಳಿತ, ಮತ್ತೊಂದು ಗೆರೆ. ಕೈಯಲ್ಲಿ ದಿನಗಟ್ಟಲೆ ಹಿಡಿಯಬಹುದಾಗಿದ್ದ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುವಂತಾಯಿತು. ಕೆಲಸಗಾರನ ಕಣ್ಣು ಎಷ್ಟು ಸೂಕ್ಷ್ಮ, ಅವನ ಕೈ ಎಷ್ಟು ಸ್ಥಿರ ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚಿನ ಅರ್ಥ ಉಳಿಯಲಿಲ್ಲ. ನಿಖರತೆಯು ತಿರುಪು ಮತ್ತು ಚಕ್ರದಲ್ಲೇ ಅಡಗಿತ್ತು.

ಇಂತಹ ನಿರ್ದೋಷ ತಿರುಪನ್ನು ಪಡೆಯುವುದು ಹೇಗೆ ಎಂಬುದೇ ನಿಜವಾದ ಸಮಸ್ಯೆಯಾಗಿತ್ತು. ಅದಕ್ಕಾಗಿಯೇ ರಾಮ್ಸ್‌ಡೆನ್ ಪ್ರತ್ಯೇಕವಾದ ತಿರುಪು ಕಡೆಯುವ ಯಂತ್ರವನ್ನೂ ನಿರ್ಮಿಸಬೇಕಾಯಿತು. ಒಂದು ಯಂತ್ರದ ನಿಖರತೆ ಮತ್ತೊಂದು ಯಂತ್ರಕ್ಕೆ ಇಳಿದುಬರುವ ಈ ಪರಂಪರೆಯೇ ಮುಂದೆ ಕೈಗಾರಿಕಾ ಯುಗದ ಯಂತ್ರೋಪಕರಣಗಳಿಗೆ ಅಡಿಪಾಯವಾಯಿತು.

ಗುಟ್ಟನ್ನು ಬಿಟ್ಟುಕೊಟ್ಟ ಒಪ್ಪಂದ

ಈ ಯಂತ್ರವನ್ನು ಗೋಪ್ಯವಾಗಿಟ್ಟುಕೊಂಡಿದ್ದರೆ ರಾಮ್ಸ್‌ಡೆನ್ ಅಪಾರ ಧನಿಕನಾಗಬಹುದಿತ್ತೇನೋ. ಆದರೆ ಸಮುದ್ರಯಾನದ ಸುರಕ್ಷತೆಗಾಗಿ ಬ್ರಿಟಿಷ್ ಸರ್ಕಾರ ಸ್ಥಾಪಿಸಿದ್ದ ರೇಖಾಂಶ ಮಂಡಳಿ ಬೇರೊಂದು ದಾರಿ ಹಿಡಿಯಿತು. ಮಂಡಳಿಯು ಅವನಿಗೆ 615 ಪೌಂಡುಗಳನ್ನು ನೀಡಿತು. ಅದರಲ್ಲಿ 300 ಪೌಂಡು ಆವಿಷ್ಕಾರಕ್ಕೆ ಬಹುಮಾನ, 315 ಪೌಂಡು ಯಂತ್ರದ ಒಡೆತನಕ್ಕೆ ಬೆಲೆ. ಪ್ರತಿಯಾಗಿ ಆತ ಇತರ ಉಪಕರಣ ತಯಾರಕರಿಗೆ ಅದರ ನಿರ್ಮಾಣವನ್ನು ಕಲಿಸಬೇಕು. ಅವರು ತಂದುಕೊಡುವ ಆಕ್ಟಂಟ್‌ಗಳಿಗೆ ತಲಾ ಮೂರು ಷಿಲಿಂಗ್, ಹಿತ್ತಾಳೆಯ ಸೆಕ್ಸ್‌ಟಂಟ್‌ಗಳಿಗೆ ತಲಾ ಆರು ಷಿಲಿಂಗ್ ದರದಲ್ಲಿ ಗೆರೆ ಹಾಕಿಕೊಡಬೇಕು. 1777ರಲ್ಲಿ ಯಂತ್ರದ ಸಂಪೂರ್ಣ ವಿವರಣೆ, ನಕ್ಷೆಗಳ ಸಮೇತ ಪುಸ್ತಕರೂಪದಲ್ಲಿ ಪ್ರಕಟವಾಯಿತು.

ಒಂದು ದೇಶದ ಹಡಗುಗಳೆಲ್ಲಕ್ಕೂ ಬೇಕಾದ ಅರಿವು ಒಂದೇ ಅಂಗಡಿಯ ಸೊತ್ತಾಗಬಾರದೆಂಬ ವಿವೇಕ ಈ ಒಪ್ಪಂದದಲ್ಲಿತ್ತು. ಕೆಲವೇ ದಶಕಗಳಲ್ಲಿ ಲಂಡನ್ನಿನ ಇತರ ತಯಾರಕರೂ ಸ್ವಂತ ವಿಭಜನಾ ಯಂತ್ರಗಳನ್ನು ಕಟ್ಟಿಕೊಂಡರು. ಸೆಕ್ಸ್‌ಟಂಟ್ ಚಿಕ್ಕದಾಯಿತು, ಹಗುರವಾಯಿತು. ರಾಮ್ಸ್‌ಡೆನ್‌ನ ಅಂಗಡಿಯೊಂದರಿಂದಲೇ ಸಾವಿರಕ್ಕೂ ಹೆಚ್ಚು ಸೆಕ್ಸ್‌ಟಂಟ್‌ಗಳು ಕ್ರಮಸಂಖ್ಯೆ ಹೊತ್ತು ಹೊರಬಿದ್ದವು. ಆ ಎರಡನೆಯ ಯಂತ್ರ ಈಗ ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ವರ್ಷ ತಡವಾಗಿ ಬಂದ ಕುಶಲಕರ್ಮಿ

ಸೆಕ್ಸ್‌ಟಂಟ್‌ಗಳು ಹೀಗೆ ಸರಾಗವಾಗಿ ಹೊರಬರುತ್ತಿದ್ದರೂ ವೇಧಶಾಲೆಗಳಿಗೆ ಬೇಕಾದ ದೊಡ್ಡ ಉಪಕರಣಗಳ ವಿಷಯದಲ್ಲಿ ರಾಮ್ಸ್‌ಡೆನ್ ವಿಳಂಬಕ್ಕೆ ಕುಖ್ಯಾತನಾಗಿದ್ದ. ಅರಮನೆಗೆ ಬರಬೇಕೆಂಬ ಆಹ್ವಾನಕ್ಕೆ ಆತ ದಿನ, ತಿಂಗಳು, ಗಳಿಗೆ ತಪ್ಪದೆ ಹಾಜರಾದನೆಂದೂ, ಆದರೆ ಸರಿಯಾಗಿ ಒಂದು ವರ್ಷ ತಡವಾಗಿತ್ತೆಂದು ಮೂರನೆಯ ಜಾರ್ಜ್ ದೊರೆ ನಕ್ಕನೆಂದೂ ಒಂದು ಕಥೆ ಪ್ರಚಲಿತದಲ್ಲಿದೆ. ಡಬ್ಲಿನ್ ಬಳಿಯ ಡನ್‌ಸಿಂಕ್ ವೇಧಶಾಲೆ 1780ರ ದಶಕದಲ್ಲಿ ಹೇಳಿ ಮಾಡಿಸಿದ ದೊಡ್ಡ ವೃತ್ತ ಅಲ್ಲಿಗೆ ತಲುಪಿದ್ದು 1808ರಲ್ಲಿ. ಆ ವೇಳೆಗೆ ರಾಮ್ಸ್‌ಡೆನ್ ಕಾಲವಾಗಿ ಎಂಟು ವರ್ಷಗಳಾಗಿದ್ದವು. ಅವನ ಕಾರ್ಯಾಗಾರವನ್ನು ಮುಂದುವರಿಸಿದ್ದ ಮ್ಯಾಥ್ಯೂ ಬರ್ಜ್ ಆ ಕೆಲಸವನ್ನು ಪೂರ್ಣಗೊಳಿಸಿದ.

ಇಟಲಿಯ ಪಲೆರ್ಮೊ ನಗರದ ಖಗೋಳಜ್ಞ ಜುಸೆಪ್ಪೆ ಪಿಯಾಟ್ಸಿ ಇಂತಹ ವಿಳಂಬಕ್ಕೆ ಮದ್ದೊಂದನ್ನು ಕಂಡುಕೊಂಡ. ತಾನೇ ಲಂಡನ್ನಿಗೆ ಹೋಗಿ ಬೀಡುಬಿಟ್ಟು, ಬೆನ್ನುಹತ್ತಿ, 1789ರಲ್ಲಿ ಐದು ಅಡಿ ವ್ಯಾಸದ ಲಂಬವೃತ್ತವನ್ನು ಪಡೆದ. ಅದುವರೆಗೆ ವೇಧಶಾಲೆಗಳಲ್ಲಿ ವೃತ್ತದ ಕಾಲುಭಾಗದಷ್ಟೇ ಇರುವ ಬೃಹತ್ ಕ್ವಾಡ್ರಂಟ್‌ಗಳನ್ನು ಗೋಡೆಗೆ ಬಿಗಿಯಲಾಗುತ್ತಿತ್ತು. ಪೂರ್ಣ ವೃತ್ತವಿದ್ದರೆ ಎದುರುಬದುರಿನ ಎರಡು ಕಡೆ ಓದಿ ಸರಾಸರಿ ತೆಗೆಯಬಹುದು. ಅಚ್ಚು ಸ್ವಲ್ಪ ಪಕ್ಕಕ್ಕೆ ಸರಿದಿದ್ದರೂ ಒಂದು ಬದಿಯ ಹೆಚ್ಚು ಇನ್ನೊಂದು ಬದಿಯ ಕಡಿಮೆಯಿಂದ ತೀರಿಹೋಗುತ್ತದೆ. 1801ರ ಜನವರಿ 1ರ ರಾತ್ರಿ ಪಿಯಾಟ್ಸಿ ಈ ಉಪಕರಣದಿಂದ ನಕ್ಷತ್ರಗಳ ಸ್ಥಾನಗಳನ್ನು ಗುರುತಿಸುತ್ತಿದ್ದಾಗ ಕಂಡ ಒಂದು ಮಂಕು ಚುಕ್ಕೆ ಮುಂದಿನ ರಾತ್ರಿಗಳಲ್ಲಿ ಸ್ಥಾನ ಬದಲಿಸಿತ್ತು. ಇಂದು ಕುಬ್ಜಗ್ರಹವೆಂದು ಕರೆಯಲಾಗುವ ಸೀರಿಸ್ ಪತ್ತೆಯಾದದ್ದು ಹೀಗೆ. ಆ ವೃತ್ತವನ್ನು ಪಲೆರ್ಮೊದ ವೇಧಶಾಲೆಯಲ್ಲಿ ಇಂದಿಗೂ ನೋಡಬಹುದು.

ಭಾರತಕ್ಕೆ ಬಾರದ ಥಿಯೊಡೊಲೈಟ್, ಬೆಂಗಳೂರಿಗೆ ಬಂದ ಸರಪಳಿ

ನೆಲದ ಮೇಲಿನ ಅಳತೆಗೂ ಈ ಕಾರ್ಯಾಗಾರ ಬೇಕಾಯಿತು. ಗ್ರೀನಿಚ್ ಮತ್ತು ಪ್ಯಾರಿಸ್ ವೇಧಶಾಲೆಗಳನ್ನು ತ್ರಿಕೋನಗಳ ಸಾಲಿನಿಂದ ಜೋಡಿಸುವ ಹೊಣೆ ಹೊತ್ತಿದ್ದ ಜನರಲ್ ವಿಲಿಯಂ ರಾಯ್‌ಗಾಗಿ ರಾಮ್ಸ್‌ಡೆನ್ ಮೂರಡಿ ವ್ಯಾಸದ ಮಹಾ ಥಿಯೊಡೊಲೈಟನ್ನು ನಿರ್ಮಿಸಿದ. ಮೂರು ವರ್ಷ ಕಾಯಿಸಿ 1787ರಲ್ಲಿ ಅದನ್ನು ಒಪ್ಪಿಸಿದಾಗ ಈ ವಿಳಂಬದ ಬಗ್ಗೆ ಇಬ್ಬರ ನಡುವೆ ಬಹಿರಂಗ ಜಗಳವೇ ನಡೆಯಿತು. ಆದರೆ ಉಪಕರಣದ ಗುಣದ ಬಗ್ಗೆ ಎರಡು ಮಾತಿರಲಿಲ್ಲ.

ಇಂತಹುದೇ ಎರಡನೆಯ ಥಿಯೊಡೊಲೈಟ್ ಈಸ್ಟ್ ಇಂಡಿಯಾ ಕಂಪೆನಿಗೆಂದು ಸಿದ್ಧವಾಯಿತು. ಬೆಲೆ ಹೆಚ್ಚಾಯಿತೆಂದು ಕಂಪೆನಿ ಅದನ್ನು ತೆಗೆದುಕೊಳ್ಳಲಿಲ್ಲ. 1791ರಲ್ಲಿ ರಿಚ್ಮಂಡ್‌ನ ಡ್ಯೂಕ್ 373 ಪೌಂಡಿಗೆ ಅದನ್ನು ಬ್ರಿಟನ್ನಿನ ಸರ್ವೇಕ್ಷಣೆಗೆ ಖರೀದಿಸಿದ. ಆ ದೇಶದ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆ ತನ್ನ ಹುಟ್ಟನ್ನು ಈ ಖರೀದಿಯಿಂದಲೇ ಎಣಿಸುತ್ತದೆ. ಭಾರತಕ್ಕೆ ಬರಬೇಕಿದ್ದ ಉಪಕರಣ ಹೀಗೆ ಇಂಗ್ಲೆಂಡಿನಲ್ಲೇ ಉಳಿಯಿತು.

ಆದರೆ ರಾಮ್ಸ್‌ಡೆನ್‌ನ ಬೇರೊಂದು ವಸ್ತು ನಮ್ಮ ನೆಲಕ್ಕೆ ಬಂತು. 1793ರಲ್ಲಿ ಚೀನಾದ ಚಕ್ರವರ್ತಿಯ ಬಳಿಗೆ ಹೋದ ಮಕಾರ್ಟ್ನಿ ನಿಯೋಗದೊಂದಿಗೆ ಕಳುಹಿಸಲಾಗಿದ್ದ ಉಪಕರಣಗಳಲ್ಲಿ ನೂರಡಿ ಉದ್ದದ ಉಕ್ಕಿನ ಅಳತೆ ಸರಪಳಿಯೂ ಇತ್ತು. ಎರಡೂವರೆ ಅಡಿಯ ನಲವತ್ತು ಕೊಂಡಿಗಳ ಸರಪಳಿಯದು. ಚೀನಾದಲ್ಲಿ ಸ್ವೀಕಾರವಾಗದೆ, ನಿಯೋಗದ ವಿಜ್ಞಾನಿ ಡಿನ್‌ವಿಡಿಯೊಂದಿಗೆ ಕಲ್ಕತ್ತೆಗೆ ಬಂದ ಅದು ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯ ಕೈಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ನಂತರ ಮೈಸೂರು ಸೀಮೆಯ ಅಳತೆಗೆ ಹೊರಟ ಲ್ಯಾಂಬ್ಟನ್, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಹೊರವಲಯದಲ್ಲಿ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ಇದೇ ಸರಪಳಿಯಿಂದ ಅಳೆದ. ಅದೇ ವರ್ಷದ ನವೆಂಬರ್ 5ರಂದು ರಾಮ್ಸ್‌ಡೆನ್ ಬ್ರೈಟನ್‌ನಲ್ಲಿ ತೀರಿಕೊಂಡಿದ್ದ. ಆತ ಮಾಡಿದ ಸರಪಳಿ ಆ ಹೊತ್ತಿಗೆ ಬೆಂಗಳೂರಿನ ಬಯಲಿನಲ್ಲಿ ಹಾಸಿತ್ತು.

1802ರಲ್ಲಿ ಮದರಾಸಿನಲ್ಲಿ ಹೊಸ ಆಧಾರರೇಖೆಯೊಂದಿಗೆ ಲ್ಯಾಂಬ್ಟನ್ ಆರಂಭಿಸಿದ ಕಾರ್ಯ ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯೆಂದು ಹೆಸರಾಯಿತು. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಆಧಾರರೇಖೆಯನ್ನು ಅಳೆದು ನೋಡಿದಾಗ, ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ್ದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿನೊಳಗೇ ಇತ್ತು.

ಈ ಕೋನಗಳನ್ನು ಅಳೆಯಲು ಬಂದ ಸುಮಾರು ಅರ್ಧ ಟನ್ ತೂಕದ ಮಹಾ ಥಿಯೊಡೊಲೈಟನ್ನು ತಯಾರಿಸಿದ್ದು ಲಂಡನ್ನಿನ ವಿಲಿಯಂ ಕ್ಯಾರಿ. ಈತ ರಾಮ್ಸ್‌ಡೆನ್‌ನ ಶಿಷ್ಯ. ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿದ್ದ ಅದನ್ನು ಅವರು ಗೌರವದಿಂದ ಮದರಾಸಿಗೆ ಕಳುಹಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಎತ್ತುವಾಗ ಹಗ್ಗ ಕಡಿದು ಉಪಕರಣ ಗೋಡೆಗೆ ಬಡಿಯಿತು. ಗೆರೆಗಳಿದ್ದ ವೃತ್ತವೇ ಬಾಗಿತು. ಲ್ಯಾಂಬ್ಟನ್ ಸುಮಾರು ಆರು ವಾರ ಡೇರೆಯಲ್ಲಿ ಕುಳಿತು, ಬೆಣೆ ತಿರುಪುಗಳಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಗ್ಗಿಸಿ ಅದನ್ನು ಮತ್ತೆ ಮೊದಲಿನ ಆಕಾರಕ್ಕೆ ತಂದ. ಮುಂದೆ ಜಾರ್ಜ್ ಎವರೆಸ್ಟ್‌ನ ಕಾಲದಲ್ಲಿ ಉಪಕರಣಗಳ ದುರಸ್ತಿಗೆ ಲಂಡನ್ನಿನಿಂದ ಹೆನ್ರಿ ಬ್ಯಾರೊ ಎಂಬಾತನನ್ನು ಕರೆಸಲಾಯಿತು. ಅವನ ನಂತರ ಆ ಹೊಣೆ ಹೊತ್ತವರು ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್. ಪಿಕ್ಯಾಡಿಲಿಯಲ್ಲಿ ಕುದುರಿದ ವಿದ್ಯೆ ಹೀಗೆ ಭಾರತೀಯ ಕೈಗಳಿಗೂ ದಾಟಿತು.

ಅಸಲಿಯನ್ನು ಅರಿಯುವುದು ಹೇಗೆ?

ರಾಮ್ಸ್‌ಡೆನ್‌ನ ಹೆಸರು ಇರುವುದರಿಂದಲೇ ವಸ್ತು ಅವನದಾಗುವುದಿಲ್ಲ. ಅವನು ಬದುಕಿದ್ದಾಗಲೇ ಲಂಡನ್ನಿನಲ್ಲಿ ಹೆಸರಾಂತ ತಯಾರಕರ ಹೆಸರುಗಳನ್ನು ಕದಿಯುವ ಚಾಳಿಯಿತ್ತು. ಇನ್ನೊಂದೆಡೆ, ಬೇರೆ ಅಂಗಡಿಯ ಹೆಸರಿದ್ದರೂ ಗೆರೆಗಳು ರಾಮ್ಸ್‌ಡೆನ್ ಯಂತ್ರದವೇ ಆಗಿರಬಹುದು. ಕೆಲವು ಅಳತೆಪಟ್ಟಿಗಳ ನಡುವೆ ಮುದ್ರೆಯೊತ್ತಿದ ಪುಟ್ಟ ಲಂಗರಿನ ಗುರುತು ಯಂತ್ರದಿಂದ ಗೆರೆ ಕೊರೆದುದಕ್ಕೆ ಸಾಕ್ಷಿ.

ಇಂದಿನ ಮಾರುಕಟ್ಟೆಯ ಅಲಂಕಾರಿಕ ವಸ್ತುಗಳನ್ನು ಗುರುತಿಸುವುದು ಇನ್ನೂ ಸುಲಭ. 'ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917' ಎಂಬ ಕೆತ್ತನೆ ಇವುಗಳಲ್ಲಿ ಬಹು ಸಾಮಾನ್ಯ. ಆದರೆ ಆ ಹೆಸರಿನ ಕಂಪೆನಿ ಹುಟ್ಟಿದ್ದೇ 1947ರಲ್ಲಿ, ಎರಡು ಸಂಸ್ಥೆಗಳ ವಿಲೀನದಿಂದ! ಇದಕ್ಕಿಂತ ಖಚಿತವಾದ ಪರೀಕ್ಷೆ ವರ್ನಿಯರ್ ಪಟ್ಟಿಯದು. ತೋಳಿನ ಮೇಲಿನ ಈ ಪುಟ್ಟ ಪಟ್ಟಿಯ ಸೊನ್ನೆಯನ್ನು ಕಮಾನಿನ ಯಾವುದಾದರೊಂದು ಗೆರೆಗೆ ಸರಿಹೊಂದಿಸಿದಾಗ ಪಟ್ಟಿಯ ಕೊನೆಯ ಗೆರೆಯೂ ಕಮಾನಿನ ಒಂದು ಗೆರೆಗೆ ಕೂಡಿಕೊಳ್ಳಬೇಕು. ನಡುವಿನ ಗೆರೆಗಳಾವುವೂ ಕೂಡಬಾರದು. ಕಮಾನಿನ ಎಲ್ಲ ಕಡೆಯೂ ಹೀಗೇ ಆಗಬೇಕು. ಪ್ರತಿಕೃತಿಗಳ ಗೆರೆಗಳು ಸಾಮಾನ್ಯವಾಗಿ ದಪ್ಪಗಿದ್ದು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅಂದದ ವಸ್ತುವೆಂದು ಕೊಳ್ಳುವುದಾದರೆ ತಪ್ಪೇನಿಲ್ಲ. ಪುರಾತನವೆಂದು ನಂಬಿ ಹಣ ಸುರಿಯುವ ಮುನ್ನ ಒಂದು ಭೂತಗನ್ನಡಿ ಹಿಡಿದು ನೋಡುವುದು ಒಳಿತು. ಜೊತೆಗೆ, ನೂರು ವರ್ಷ ಮೀರಿದ ಇಂತಹ ವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರಬಹುದು. ಅವುಗಳನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ನಿಜವಾದ ಹಳೆಯ ಉಪಕರಣವೇ ದೊರೆತರೆ ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವುದು ಹುಣಸೆಹಣ್ಣು ಹಚ್ಚಿ ತಿಕ್ಕುವ ಯೋಚನೆ. ದೇವರ ಮನೆಯ ದೀಪಕ್ಕೆ ಅದು ಸರಿ. ಆದರೆ ಸೆಕ್ಸ್‌ಟಂಟಿಗೋ ಥಿಯೊಡೊಲೈಟಿಗೋ ಹಾಗೆ ಮಾಡಿದರೆ ಮೊದಲು ಸವೆಯುವುದು ಆ ಕೂದಲೆಳೆಯ ಗೆರೆಗಳೇ. ಹಿತ್ತಾಳೆ ಎಂದಿನಂತೆ ಹೊಳೆಯಬಹುದು. ನಾವಿಕನನ್ನು ದಡ ಸೇರಿಸಿದ, ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು ಒಂದು ಉಪಖಂಡವನ್ನು ಅಳೆದ ಅಂಶ ಮಾತ್ರ ಅಳಿಸಿಹೋಗಿರುತ್ತದೆ. ಮಂಕು ಕವಿದ ಹಿತ್ತಾಳೆಯನ್ನು ಹಾಗೆಯೇ ಬಿಟ್ಟು, ಒಣಬಟ್ಟೆಯಿಂದ ಧೂಳು ಕೊಡವಿ, ಬಲ್ಲವರಿಗೆ ತೋರಿಸುವುದೇ ಆ ಗೆರೆಗಳಿಗೆ ನಾವು ಸಲ್ಲಿಸಬಹುದಾದ ಗೌರವ.